ಕಾರಿಲ್ಲದೆ ಮ್ಯಾಡಿಸನ್: ಕಂಬಳಿ, ಸೈಕಲ್ಲು ಮತ್ತು ಸ್ಟೈಪೆಂಡಿನ ಲೆಕ್ಕ

ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಸಸ್ಯರೋಗಶಾಸ್ತ್ರದ ಪಿಎಚ್‌ಡಿ ಮುಗಿಸಿಕೊಂಡು ಹಾಸನಕ್ಕೆ ಮರಳಿದ್ದೇನೆ. ಓದು ಮುಗಿಯುವವರೆಗೂ ಕಾರು ಕೊಳ್ಳಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಉಳಿಸಿಕೊಳ್ಳಲಿಲ್ಲ. ಹೊರಡುವಾಗ ಶಾಂತಿಗ್ರಾಮದ ಹೊಲದ ಮೇಲೆ ಎತ್ತಿದ್ದ ನಾಲ್ಕು ಲಕ್ಷದ ಸಾಲವನ್ನು, ಪಿಎಚ್‌ಡಿ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಡುವ ಸಂಬಳದಿಂದಲೇ, ಅಂದರೆ ಸ್ಟೈಪೆಂಡಿನಿಂದಲೇ ತೀರಿಸಿದೆ. ಆಗುವ ಮಾತಲ್ಲ ಎಂದವರೇ ಹೆಚ್ಚು. ಅಮೆರಿಕದಲ್ಲಿ ಇಪ್ಪತ್ತು ವರ್ಷದಿಂದ ಇರುವ ಸೋದರಮಾವ, "ಅಲ್ಲಿ ಕಾರಿಲ್ಲದವನೂ ಒಂದೇ, ಕಾಲಿಲ್ಲದವನೂ ಒಂದೇ ಕಣೋ" ಎಂದಿದ್ದರು. ಪ್ರಯೋಗಾಲಯದ ಹಿರಿಯರು ನನಗೆ ಒಂದು ಚಳಿಗಾಲದ ಗಡುವು ಕೊಟ್ಟಿದ್ದರು. ಈಗ ಪ್ರತಿ ಜೂನ್‌ನಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನವರು, ಕಾರೆಕೆರೆ ಕೃಷಿ ಕಾಲೇಜಿನವರು ಫೋನ್ ಮಾಡಿ, ಕಾರಿಲ್ಲದೆ, ಸಾಲವನ್ನೂ ತೀರಿಸಿಕೊಂಡು ಅಲ್ಲಿ ಹೇಗೆ ಬದುಕಿದಿರಿ ಎಂದೇ ಕೇಳುತ್ತಾರೆ. ವೀಸಾ, ಪ್ರವೇಶ, ವಿಮೆ ಇವೆಲ್ಲ ನಿಮಗೇ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡು. ಆಗಸ್ಟ್ ಕೊನೆಯಲ್ಲಿ ಕೆಲಸಕ್ಕೆ ಸೇರಿದವನಿಗೆ ಮೊದಲ ಸಂಬಳ ಕೈಗೆ ಬಂದದ್ದು ಅಕ್ಟೋಬರ್ ಆರಂಭದಲ್ಲಿ. ಅಷ್ಟರೊಳಗೆ ಬಾಡಿಗೆ, ಮುಂಗಡ, ವಿಶ್ವವಿದ್ಯಾಲಯದ ಶುಲ್ಕ ಎಲ್ಲವೂ ಬಾಯಿ ತೆರೆದು ನಿಂತಿದ್ದವು. ಎರಡೂವರೆ ಸಾವಿರ ಡಾಲರ್ ಕೈಯಲ್ಲಿಟ್ಟುಕೊಂಡು ಹೋಗಿ. ಅದಕ್ಕಿಂತ ಕಡಿಮೆ ಇದ್ದವರು ಯಾರ ಮುಂದಾದರೂ ಕೈಚಾಚಿದ್ದನ್ನು ನೋಡಿದ್ದೇನೆ. ಆಮೇಲೆ ತಿಂಗಳಿಗೆ ತೆರಿಗೆ ಕಳೆದು 1,800 ಡಾಲರಿನ ಆಸುಪಾಸು ಬರುತ್ತಿತ್ತು, ಕೊನೆಯ ವರ್ಷಗಳಲ್ಲಿ ಸ್ವಲ್ಪ ಹೆಚ್ಚು.

ಮನೆ ಹುಡುಕುವಾಗ ಎಲ್ಲರೂ ಕ್ಯಾಂಪಸ್ ಪಕ್ಕದಲ್ಲೇ ಬೇಕೆನ್ನುತ್ತಾರೆ. ನಾನು ಊರಿನ ಪೂರ್ವ ಭಾಗದಲ್ಲಿ, ವಿಲಿಯಮ್ಸನ್ ಬೀದಿಯ ಹತ್ತಿರ, ಹಳೆಯ ಮರದ ಮನೆಯ ಅಟ್ಟದ ಕೋಣೆ ಹಿಡಿದೆ. ಬಾಡಿಗೆ ಸುಮಾರು 500, ಅಡುಗೆಮನೆ ನಾಲ್ವರಿಗೆ ಸೇರಿದ್ದು. ಮ್ಯಾಡಿಸನ್ನಿನ ನಡುಭಾಗವೆಂದರೆ ಉತ್ತರಕ್ಕೆ ಮೆಂಡೋಟಾ, ದಕ್ಷಿಣಕ್ಕೆ ಮೊನೋನಾ, ಎರಡು ಸರೋವರಗಳ ನಡುವೆ ಸಿಕ್ಕಿಕೊಂಡ ಕಿರಿದಾದ ನೆಲದ ಪಟ್ಟಿ. ನಮ್ಮ ವಿಭಾಗ ಇರುವ ರಸೆಲ್ ಕಟ್ಟಡ ಪಶ್ಚಿಮದ ಕೊನೆಯಲ್ಲಿ. ಐದು ಕಿಲೋಮೀಟರ್ ಆದೀತು. ಮಂಚ, ಮೇಜು, ಪುಸ್ತಕದ ಕಪಾಟು ಒಂದಕ್ಕೂ ಕಾಸು ಕೊಡಲಿಲ್ಲ. ಅಲ್ಲಿ ವಿದ್ಯಾರ್ಥಿಗಳ ಬಾಡಿಗೆ ಕರಾರುಗಳು ಬಹುಪಾಲು ಆಗಸ್ಟ್ 14ಕ್ಕೆ ಮುಗಿದು 15ಕ್ಕೆ ಶುರುವಾಗುತ್ತವೆ. ಆ ಎರಡು ದಿನ ಇಡೀ ಊರೇ ಸಾಮಾನು ಬೀದಿಗೆ ಹಾಕುತ್ತದೆ. ಮರದ್ದು, ಕಬ್ಬಿಣದ್ದು ಧಾರಾಳವಾಗಿ ತನ್ನಿ. ಹಾಸಿಗೆ, ಸೋಫಾ ಮಾತ್ರ ಮುಟ್ಟಬೇಡಿ, ತಿಗಣೆ ಬಂದರೆ ಮಂಚ ಉಳಿಸಿದ ದುಡ್ಡಿನ ಹತ್ತು ಪಟ್ಟು ಹೋಗುತ್ತದೆ.

ಇನ್ನು ಸೈಕಲ್ಲು. ಬಸ್ ಪಾಸ್ ಶುಲ್ಕದಲ್ಲೇ ಸೇರಿದೆ, ಆದರೆ ರಾತ್ರಿ ಹನ್ನೊಂದಕ್ಕೆ ಪ್ರಯೋಗಾಲಯದಿಂದ ಹೊರಟವನು ಬಸ್ಸನ್ನು ನಂಬಿ ಕೂರಲಾಗದು. ಊರಿನ ಮುಖ್ಯ ಸೈಕಲ್ ಹಾದಿಗಳ ಹಿಮವನ್ನು ನಗರಾಡಳಿತವೇ ಗೋರಿಸುತ್ತದೆ. ಎಷ್ಟೋ ಸಲ ಕಾರಿನ ರಸ್ತೆಗಿಂತ ಸೈಕಲ್ ಹಾದಿಯೇ ಮೊದಲು ಚೊಕ್ಕಟವಾಗಿರುತ್ತಿತ್ತು. ಮೊದಲು ಕೊಂಡದ್ದು 21 ಗೇರಿನ ಸೈಕಲ್ಲು, 150 ಡಾಲರ್. ಡಿಸೆಂಬರ್ ಕಳೆಯುವುದರೊಳಗೆ ರಸ್ತೆಗೆ ಸುರಿಯುವ ಉಪ್ಪು ಅದರ ಚೈನನ್ನು ತಿಂದುಹಾಕಿತು. ಗೇರಿನ ತಂತಿಗಳು ಹೆಪ್ಪುಗಟ್ಟಿದವು. ಬೆಚ್ಚಗಿರಲೆಂದು ಸೈಕಲ್ಲನ್ನು ಮನೆಯೊಳಗೆ ತಂದಿಟ್ಟರೆ ಇನ್ನೂ ಕೆಟ್ಟದಾಗುತ್ತದೆ. ಅಂಟಿಕೊಂಡ ಹಿಮ ಕರಗಿ ಬ್ರೇಕಿನ ಸಂದಿಗೆಲ್ಲ ಇಳಿಯುತ್ತದೆ, ಬೆಳಗ್ಗೆ ಹೊರಗೆ ತಂದ ಹತ್ತು ನಿಮಿಷಕ್ಕೆ ಅಲ್ಲೇ ಗಡ್ಡೆಕಟ್ಟುತ್ತದೆ. ಸೈಕಲ್ಲು ಚಳಿಗಾಲವೆಲ್ಲ ಹೊರಗಿನ ಶೆಡ್ಡಿನಲ್ಲೇ ತಣ್ಣಗಿರಬೇಕು.

ಮರುವರ್ಷ ಗೇರಿಲ್ಲದ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕ್ ಹಿಡಿಯುವ ಹಳೆಯ ಸೈಕಲ್ಲೊಂದನ್ನು 60 ಡಾಲರಿಗೆ ಹಿಡಿದೆ. ಉಕ್ಕಿನ ಮೊಳೆಗಳಿರುವ ಟೈರಿಗೆ 70 ಆಯಿತು. ಜೋಡಿ ಬೇಡ, ಮುಂದಿನ ಚಕ್ರಕ್ಕೆ ಒಂದು ಸಾಕು. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಉಳಿದ ತೊಂದರೆ ಒಂದೇ: ಮೈನಸ್ 20 ಸೆಲ್ಸಿಯಸ್ ದಾಟಿದರೆ ಹಿಂದಿನ ಚಕ್ರದ ಗುಂಬದೊಳಗಿನ (ಹಬ್ಬಿನ) ಗ್ರೀಸ್ ಗಟ್ಟಿಯಾಗಿ ಪೆಡಲ್ ಸುಮ್ಮನೆ ಗಿರಗಿರನೆ ತಿರುಗುತ್ತದೆ, ಸೈಕಲ್ಲು ಮುಂದೆ ಹೋಗುವುದಿಲ್ಲ. ಗುಂಬ ಬಿಚ್ಚಿ, ಗ್ರೀಸ್ ತೊಳೆದು, ಬೇರೊಂದನ್ನು ಹಾಕಿದೆ. ಏನು ಹಾಕಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಸೈಕಲ್ ರಿಪೇರಿಯವನಿಗೂ ಹೇಳಿಲ್ಲ.

ಬಟ್ಟೆಯ ವಿಷಯದಲ್ಲಿ 200 ಡಾಲರಿನ ದಪ್ಪ ಜಾಕೆಟ್ ದಂಡವಾಯಿತು. ನಿಂತವನಿಗೆ ಅದು ಸರಿ, ತುಳಿಯುವವನಿಗೆ ಒಳಗೆಲ್ಲ ಬೆವರು, ನಿಂತ ಕೂಡಲೇ ಆ ಬೆವರೇ ಕೊರೆಯುತ್ತದೆ. ಮೈಗಂಟುವ ತೆಳು ಉಣ್ಣೆ, ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ತೆಳು ಕೋಟು, ಇಷ್ಟು ಮೈಗೆ ಸಾಕು. ಸೋಲುವುದು ಬೆರಳುಗಳು. ದುಬಾರಿ ಕೈಗವಸು ಎರಡು ಜೊತೆ ಬದಲಾಯಿಸಿದರೂ ಮೆಂಡೋಟಾದ ಕಡೆಯಿಂದ ಬೀಸುವ ವಾಯವ್ಯ ಗಾಳಿಗೆ ಬೆರಳು ಮರಗಟ್ಟುತ್ತಿದ್ದವು. ಆಗ ನೆನಪಾದದ್ದು ಅಮ್ಮ ಬಲವಂತವಾಗಿ ಸೂಟ್‌ಕೇಸಿಗೆ ತುರುಕಿದ್ದ ಕರಿ ಕಂಬಳಿ. ಅಪ್ಪ ಮಳೆಗಾಲದಲ್ಲಿ ಕೊಪ್ಪೆ ಹಾಕಿಕೊಂಡು ಆಲೂಗೆಡ್ಡೆ ಹೊಲಕ್ಕೆ ಹೋಗುತ್ತಿದ್ದದ್ದು ಅಂಥದ್ದರಲ್ಲೇ. ಅದರ ಒಂದು ಮೂಲೆ ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಹ್ಯಾಂಡಲ್ಲಿನ ಎರಡೂ ತುದಿಗೆ ಚೀಲದಂತೆ ಹಾಕಿದೆ. ಒಳಗೆ ತೆಳು ಕೈಗವಸು ಇದ್ದರೂ ಸಾಕು. ಉಳಿದ ಚೂರುಗಳನ್ನು ಬೂಟಿನ ಅಳತೆಗೆ ಕತ್ತರಿಸಿ ಪಾದದ ಕೆಳಗೆ ಹಾಸಿದೆ. ಕಂಬಳಿ ಒದ್ದೆಯಾದರೂ ಬಿಸಿ ಬಿಡುವುದಿಲ್ಲ, ಅದು ಅದರ ಗುಣ. ನಕ್ಕವರಲ್ಲಿ ಇಬ್ಬರು ಫೆಬ್ರುವರಿಗೆ ಬಂದು ತಮಗೂ ಹೊಲಿದುಕೊಡು ಎಂದರು. ಒಯ್ಯುವವರು ಹೊಸ ಕಂಬಳಿಯನ್ನೇ ಒಯ್ಯಿರಿ. ಹೊಲದ ಮಣ್ಣು ಅಂಟಿದ್ದು ಬೇಡವೇ ಬೇಡ, ರೋಗಶಾಸ್ತ್ರದವನಾಗಿ ಹೇಳುತ್ತಿದ್ದೇನೆ.

2019ರ ಜನವರಿ ಕೊನೆಯಲ್ಲಿ ಮೈನಸ್ 30ಕ್ಕೂ ಕೆಳಗಿಳಿದು ತರಗತಿಗಳೇ ರದ್ದಾದವು. ಆಗ ನಾನೂ ಮನೆಯಲ್ಲೇ ಇದ್ದೆ. ಗುಂಡಿಗೆ ಇದೆಯೆಂದು ತಲೆ ಇಲ್ಲದಂತೆ ಆಡಬಾರದು.

ಸರೋವರದ ಮೇಲೆ ನಡೆದು ಹತ್ತಿರದ ದಾರಿ ಹಿಡಿಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಮೆಂಡೋಟಾ ಸುಮಾರು 40 ಚದರ ಕಿಲೋಮೀಟರ್, ಆಳ 25 ಮೀಟರಿನವರೆಗೆ. ಹಾಗಾಗಿ ಅದು ತಡವಾಗಿ, ಸಾಮಾನ್ಯವಾಗಿ ಡಿಸೆಂಬರ್ ಕೊನೆಗೆ ಹೆಪ್ಪುಗಟ್ಟುತ್ತದೆ. ಮೊನೋನಾ ಅದಕ್ಕಿಂತ ಮೊದಲು. ಮೆಂಡೋಟಾ ಹೆಪ್ಪುಗಟ್ಟುವ, ಒಡೆಯುವ ದಿನಗಳನ್ನು 1850ರ ದಶಕದಿಂದ ಬರೆದಿಡುತ್ತಾ ಬಂದಿದ್ದಾರೆ. ಆಗ ನಾಲ್ಕು ತಿಂಗಳ ಹತ್ತಿರ ಇರುತ್ತಿದ್ದ ಮಂಜುಗಡ್ಡೆ ಈಗ ಮೂರು ತಿಂಗಳು ನಿಂತರೆ ಹೆಚ್ಚು. ನಡೆಯಲು ಕನಿಷ್ಠ ನಾಲ್ಕು ಅಂಗುಲ ದಪ್ಪದ ತಿಳಿ ಮಂಜುಗಡ್ಡೆ ಬೇಕು. ಬಿಳಿಯ ಮಂಜುಗಡ್ಡೆಯಾದರೆ ಅದೂ ಸಾಲದು. ಯಹಾರಾ ನದಿ ಸೇರುವ, ಹೊರಡುವ ಬಾಯಿಗಳ ಬಳಿ ಎಷ್ಟು ಚಳಿಯಿದ್ದರೂ ಹೋಗಬೇಡಿ. ನಾನು ಮೀನು ಹಿಡಿಯಲು ತೂತು ಕೊರೆಯುವ ಮುದುಕರ ಜಾಡಿನಲ್ಲಿ ಮಾತ್ರ ಹೆಜ್ಜೆ ಇಡುತ್ತಿದ್ದೆ. ಬೇಸಿಗೆಯಲ್ಲಿ ಅದೇ ಸರೋವರ ಹಸಿರು ಪಾಚಿಯಿಂದ ಗಬ್ಬು ನಾರುತ್ತದೆ. ಸುತ್ತಲಿನ ಹೊಲಗಳ ಸಗಣಿ ಗೊಬ್ಬರದ ರಂಜಕ ಹರಿದು ಬರುವುದು ಅದಕ್ಕೆ ಮುಖ್ಯ ಕಾರಣ. ಈ ಭಾಗವನ್ನು ವಿಶ್ವವಿದ್ಯಾಲಯದ ಚಿತ್ರಪಟದಲ್ಲಿ ತೋರಿಸುವುದಿಲ್ಲ.

ಊಟಕ್ಕೆ ತಿಂಗಳಿಗೆ 150 ಡಾಲರ್ ದಾಟುತ್ತಿರಲಿಲ್ಲ. ಏಪ್ರಿಲ್ ಮಧ್ಯದಿಂದ ನವೆಂಬರ್‌ವರೆಗೆ ಶನಿವಾರ ರಾಜ್ಯದ ಶಾಸನಸಭೆ ಸೇರುವ ಕ್ಯಾಪಿಟಲ್ ಕಟ್ಟಡದ ಸುತ್ತ ರೈತರ ಸಂತೆ ಸೇರುತ್ತದೆ. ಮಾರುವವರು ಬೆಳೆದವರೇ ಆಗಿರಬೇಕು. ಆಗ್ನೇಯ ಏಷ್ಯಾ ಮೂಲದ ಹ್ಮಾಂಗ್ ಸಮುದಾಯದ ರೈತರ ಹತ್ತಿರ ಕೊತ್ತಂಬರಿ, ಹಸಿಮೆಣಸಿನಕಾಯಿ, ಹಾಗಲಕಾಯಿ ಸಿಗುತ್ತವೆ. ಸಂತೆ ಎತ್ತುವ ಹೊತ್ತಿಗೆ, ಮಧ್ಯಾಹ್ನ ಒಂದೂವರೆಯ ಮೇಲೆ ಹೋದರೆ ಕಟ್ಟಿನ ಬೆಲೆ ಅರ್ಧ. ಆಲೂಗೆಡ್ಡೆಗೆ ಕೊರತೆಯಿಲ್ಲ, ಆ ರಾಜ್ಯ ಅದಕ್ಕೆ ಹೆಸರುವಾಸಿ. ರುಚಿಯಲ್ಲಿ ಹಾಸನದ್ದೇ ಮೇಲು ಎಂದು ವಾದಿಸಿ ನನ್ನ ಮಾರ್ಗದರ್ಶಕರನ್ನು ಸುಸ್ತು ಮಾಡಿದ್ದೇನೆ. ಹಾಲು ಅಗ್ಗ, ಮೊಸರು ಮನೆಯಲ್ಲೇ. ದೋಸೆ ಹಿಟ್ಟು ಹುಳಿಯಲು ಓವನ್ನಿನೊಳಗಿನ ದೀಪ ಹಚ್ಚಿಡುವುದು ಎಲ್ಲರಿಗೂ ಗೊತ್ತು, ನಾಲ್ವರ ಅಡುಗೆಮನೆಯಲ್ಲಿ ಅದು ನಡೆಯುವುದಿಲ್ಲ. ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಹಲಗೆ, ಅದರ ಮೇಲೆ ಪಾತ್ರೆ, ಪಾತ್ರೆಗೆ ಮತ್ತೆ ಕಂಬಳಿ. ಹಲಗೆಯ ದಪ್ಪವೇ ಗುಟ್ಟು. ತೆಳುವಾದರೆ ತಳದ ಹಿಟ್ಟು ಬೇಯುತ್ತದೆ.

ಇದರ ನಡುವೆ ಕರಿಬೇವಿನ ಹುಚ್ಚು. ಊರಿನಿಂದ ಒಯ್ಯುವಂತಿಲ್ಲ, ನಿಂಬೆ ಜಾತಿಯ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅಲ್ಲೇ ಒಂದು ಸಸಿಯನ್ನು 25 ಡಾಲರ್ ಕೊಟ್ಟು ತಂದೆ, ಜನವರಿಗೆ ಬೋಳಾಗಿ ಸತ್ತಿತು. ಎರಡನೆಯದಕ್ಕೆ ಎಲ್‌ಇಡಿ ದೀಪ ಹಾಕಿ, ನೀರನ್ನು ಹದಿನೈದು ದಿನಕ್ಕೊಮ್ಮೆಗೆ ಇಳಿಸಿದೆ. ಬದುಕಿತು, ಆದರೆ ಚಳಿಗಾಲವೆಲ್ಲ ಎರಡೇ ಚಿಗುರು. ಒಗ್ಗರಣೆಗೆ ಎಣಿಸಿ ಎಲೆ ಕೀಳಬೇಕಾಗಿತ್ತು. ಚಿಗುರದೆ ನಿಂತದ್ದು ಗಿಡ ಮಾತ್ರವಲ್ಲ. ಮೊದಲ ಮಾರ್ಚ್‌ನಲ್ಲಿ ನನ್ನ ಮೂಳೆ ನೋವಿಗೆ ವೈದ್ಯರು ವಿಟಮಿನ್ ಡಿ ಬರೆದುಕೊಟ್ಟರು. ಅಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಬಿಸಿಲಿದ್ದರೂ ಅದರಿಂದ ಚರ್ಮಕ್ಕೆ ವಿಟಮಿನ್ ಡಿ ದಕ್ಕುವುದಿಲ್ಲ, ನಮ್ಮ ಬಣ್ಣದವರಿಗಂತೂ ಇನ್ನೂ ಕಷ್ಟ. ನೇರಳಾತೀತ ಕಿರಣ ಹಾಯಿಸಿ ಆಹಾರದಲ್ಲಿ ವಿಟಮಿನ್ ಡಿ ಹೆಚ್ಚಿಸಬಹುದೆಂದು ಹ್ಯಾರಿ ಸ್ಟೀನ್‌ಬಾಕ್ 1920ರ ದಶಕದಲ್ಲಿ ತೋರಿಸಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಅವರ ಊರಿನ ಚಳಿಯೇ ಹಾಗೆ ಯೋಚಿಸುವಂತೆ ಮಾಡಿತೋ ಏನೋ.

ಕಾರಿಟ್ಟ ಗೆಳೆಯನ ಲೆಕ್ಕ ನೋಡಿದ್ದೇನೆ. ವಿಮೆ, ಪೆಟ್ರೋಲ್, ಪಾರ್ಕಿಂಗ್, ಚಳಿಗಾಲದಲ್ಲಿ ಹಿಮ ಗೋರಲು ಅನುವಾಗುವಂತೆ ರಸ್ತೆಯ ಬದಿ ಬದಲಾಯಿಸಿ ನಿಲ್ಲಿಸದ್ದಕ್ಕೆ ದಂಡ, ಎಲ್ಲ ಸೇರಿ ತಿಂಗಳಿಗೆ ಮುನ್ನೂರು. ನನ್ನ ಸೈಕಲ್ಲಿಗೆ ವರ್ಷಕ್ಕೆ ನೂರು ಡಾಲರ್ ಬಿದ್ದರೆ ಹೆಚ್ಚು. ಉಳಿದದ್ದೇ ಹಾಸನದ ಸಾಲದ ಖಾತೆಗೆ ಹೋಯಿತು. ಆದರೆ ಚಾಲನಾ ಪರವಾನಗಿಯನ್ನು ಮೊದಲ ವರ್ಷವೇ ಮಾಡಿಸಿಕೊಳ್ಳಿ. ಹ್ಯಾನ್‌ಕಾಕ್‌ನ ಆಲೂಗೆಡ್ಡೆ ಸಂಶೋಧನಾ ಕೇಂದ್ರಕ್ಕೆ ಒಂದೂವರೆ ಗಂಟೆಯ ದಾರಿ. ಅಂಗಮಾರಿ ತಗುಲಿದ ಎಲೆ ತರಲು ವಿಭಾಗದ ವಾಹನ ಕೊಡುತ್ತಾರೆ, ಓಡಿಸಲು ಬಾರದವನು ಇನ್ನೊಬ್ಬರ ಬಿಡುವಿಗೆ ಕಾಯಬೇಕು.

ಹೊರಡುವ ಮುಂಚೆ ಸೈಕಲ್ಲನ್ನು ಚನ್ನರಾಯಪಟ್ಟಣದ ಹುಡುಗನೊಬ್ಬನಿಗೆ ಕೊಂಡ ಬೆಲೆಗೇ ಮಾರಿದೆ. ಟೈರ್ ಬೇರೆ, ಅದಕ್ಕೆ 40. ಹ್ಯಾಂಡಲ್ಲಿನ ಕಂಬಳಿ ಚೀಲವನ್ನೂ ಸೇರಿಸಿ ಕೊಡಿ ಎಂದು ಚೌಕಾಸಿ ಮಾಡಿದ. ದಬ್ಬಳ ಕೊಟ್ಟೆ, ಕಂಬಳಿ ನಿಮ್ಮ ಮನೆಯಿಂದ ತರಿಸಿಕೋ ಎಂದೆ.