ರಾತ್ರಿ ಹತ್ತೂವರೆಯ ಸಭೆ

ಮೊದಲ ಐದು ಬುಧವಾರ ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ಸಂಜೆ ಆರಕ್ಕೆ ಬಾಗಿಲು ತೆಗೆದು, ಚಹಾಕ್ಕೆ ಇಟ್ಟು, ಚರ್ಚಿನಿಂದ ತಂದ ಹನ್ನೆರಡು ಮಡಚೋ ಕುರ್ಚಿ ಹಾಕಿಕೊಂಡು ನಾನೂ ನಮ್ಮ ಮನೆಯವರೂ ಕೂತಿರುತ್ತಿದ್ದೆವು. ಎಂಟಕ್ಕೆ ಕುರ್ಚಿ ಮಡಚಿ ಗೋಡೆಗೆ ಆನಿಸಿಡುತ್ತಿದ್ದೆವು. ಮಾತಾಡದೆ ಊಟ ಮಾಡಿ ಮಲಗುತ್ತಿದ್ದೆವು. ಬೆಳಗಾವಿಯಿಂದ ಇಷ್ಟು ದೂರ ಬಂದದ್ದು ಇದಕ್ಕಾ ಅಂತ ಇಬ್ಬರ ಮನಸ್ಸಿನಲ್ಲೂ ಇತ್ತು. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ.

ಅದು 2024ರ ಅಕ್ಟೋಬರ್. ಊರು ಇಂಗ್ಲೆಂಡಿನ ಲೆಸ್ಟರ್. ನನಗೆ ಆಗ 63, ಅವರಿಗೆ 67. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅವರು ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ ಫಿಟ್ಟರ್ ಆಗಿ ಜೀವನ ಕಳೆದವರು. ಲೆಸ್ಟರ್‌ನ ಒಂದು ಸಣ್ಣ ಚರ್ಚ್ ಸಭೆಯವರು ನಮ್ಮ ಪಾಸ್ಟರ್ ಮೂಲಕ ಪತ್ರ ಬರೆದಿದ್ದರು. ನಿಮ್ಮ ಕಡೆಯ ಹುಡುಗ ಹುಡುಗಿಯರು ಇಲ್ಲಿಗೆ ಓದಲು ಬರುತ್ತಿದ್ದಾರೆ, ಒಂಟಿಯಾಗಿದ್ದಾರೆ, ಅವರ ಭಾಷೆ ಬಲ್ಲ ಹಿರಿಯ ದಂಪತಿ ಒಂದು ವರ್ಷ ಬಂದು ಇರಬಹುದಾ ಅಂತ. ಆ ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ಮೂರು ವಾರ ಪ್ರಾರ್ಥನೆ ಮಾಡಿದೆವು. ನಾಲ್ಕನೇ ವಾರ ಇವರು, "ನಾಳೆ ಪಾಸ್‌ಪೋರ್ಟ್ ಹುಡುಕು" ಅಂದರು.

ಹೋಗಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 1820ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದು ಕೆಲಸ ಶುರು ಮಾಡಿದರು. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಕನ್ನಡ ಕಲಿತು, ಪೂರ್ತಿ ಬೈಬಲ್ಲನ್ನು ಕನ್ನಡಕ್ಕೆ ತಂದರು. ಅದು ಅಚ್ಚಾಗಿ ಮುಗಿದದ್ದು 1831ರಲ್ಲಿ. ನನ್ನ ಅಜ್ಜಿ ಓದಲು ಕಲಿತದ್ದೇ ಕನ್ನಡ ಬೈಬಲ್ ಹಿಡಿದು. ಅವರೆಲ್ಲ ಹಡಗಿನಲ್ಲಿ ತಿಂಗಳುಗಟ್ಟಲೆ ಬಂದು, ನಮ್ಮ ಬಿಸಿಲು, ಜ್ವರ ಎಲ್ಲ ಉಂಡು, ನಮ್ಮ ಮಾತು ಕಲಿತರು. ನಮಗೆ ಕಲಿಯೋಕೆ ಹೊಸ ಭಾಷೆಯೂ ಇರಲಿಲ್ಲ. ನಮ್ಮ ಮಾತನ್ನೇ ಆಡಬೇಕಿತ್ತು, ಅಷ್ಟೇ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಕಾಗದಪತ್ರದ ಬಗ್ಗೆ ಬೇರೆ ಹಿರಿಯರು ತುಂಬ ಕೇಳುತ್ತಾರೆ, ಅದಕ್ಕೇ ಹೇಳಿಬಿಡುತ್ತೇನೆ. ನಾವು ಹೋದದ್ದು ಚಾರಿಟಿ ವರ್ಕರ್ ವೀಸಾದ ಮೇಲೆ. ಹೆಚ್ಚೆಂದರೆ 12 ತಿಂಗಳು ಇರಬಹುದು. ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಕರೆಯುವ ಸಂಸ್ಥೆಗೆ ಅಲ್ಲಿನ ಸರ್ಕಾರದ ಸ್ಪಾನ್ಸರ್ ಲೈಸೆನ್ಸ್ ಇರಲೇಬೇಕು. ಆರು ತಿಂಗಳಿಗಿಂತ ಜಾಸ್ತಿ ಇರುವುದರಿಂದ ಟಿಬಿ ಟೆಸ್ಟ್ ಕಡ್ಡಾಯ. ಅದಕ್ಕೊಮ್ಮೆ, ಬೆರಳಚ್ಚಿಗೊಮ್ಮೆ ಬೆಂಗಳೂರಿಗೆ ಹೋದೆವು. ಜಾಸ್ತಿ ಹೊರೆಯಾದದ್ದು ಆರೋಗ್ಯದ ಸರ್‌ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ವೈದ್ಯಸೇವೆಗೆ ವೀಸಾ ಜೊತೆಗೇ ಕಟ್ಟುವ ಹಣ. ಒಬ್ಬರಿಗೆ ವರ್ಷಕ್ಕೆ 1,035 ಪೌಂಡ್. ಇಬ್ಬರಿಗೆ ಸೇರಿ ಎರಡು ಲಕ್ಷ ರೂಪಾಯಿ ದಾಟಿತು. ಇವರ ಉಳಿತಾಯದಿಂದ ಕಟ್ಟಿದೆವು. ಆದರೆ ಅಲ್ಲಿ 60 ದಾಟಿದವರಿಗೆ ಔಷಧಿ ಪುಕ್ಕಟೆ. ನಮ್ಮಿಬ್ಬರ ಬಿಪಿ ಗುಳಿಗೆಗೆ ಒಂದು ಪೈಸೆ ಖರ್ಚಾಗಲಿಲ್ಲ.

ಈಗ ಐದನೇ ಬುಧವಾರದ ನಂತರದ ಮಾತಿಗೆ ಬರುತ್ತೇನೆ.

ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದೆ ಇಡುತ್ತಾರೆ. ಸಂಜೆ ಐದಕ್ಕೇ ಕತ್ತಲು. ಆ ವಾರ ಒಂದು ರಾತ್ರಿ ಇವರಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಸದ ಗಾಡಿ ಬರುತ್ತದೆ ಅಂತ ಡಬ್ಬಿ ಹೊರಗಿಡಲು ಹೋದರು. ಹತ್ತೂವರೆ ದಾಟಿತ್ತು. ಬೀದಿ ಕೊನೆಗೆ ಬಸ್ ನಿಂತಿತು. ಹೊಳೆಯುವ ಹಳದಿ ಜಾಕೆಟ್ ಹಾಕಿದ ನಾಲ್ಕು ಹುಡುಗರು ಇಳಿದರು. ಒಬ್ಬ ಇನ್ನೊಬ್ಬನಿಗೆ, "ಲೇ, ನಾಳಿ ಶಿಫ್ಟ್ ಎಷ್ಟಕ್ಕೋ?" ಅಂದನಂತೆ. ಇವರು ಡಬ್ಬಿ ಅಲ್ಲೇ ಬಿಟ್ಟು, "ಯಾವೂರ ತಮ್ಮಾ?" ಅಂದರು. ನಾಲ್ವರೂ ನಿಂತಲ್ಲೇ ನಿಂತರು. ಒಬ್ಬ ಅಥಣಿಯವನು, ಒಬ್ಬ ಚಿಕ್ಕೋಡಿ, ಒಬ್ಬ ಹುಕ್ಕೇರಿ, ಇನ್ನೊಬ್ಬ ಹುಬ್ಬಳ್ಳಿ.

ನನ್ನನ್ನು ಎಬ್ಬಿಸಿದರು. ನಾನು ಸ್ವೆಟರ್ ಮೇಲೆ ಶಾಲು ಹೊದ್ದು ಕೆಳಗೆ ಬಂದರೆ, ಅಡುಗೆಮನೆಯಲ್ಲಿ ನಾಲ್ಕು ಹುಡುಗರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಕೂಡಲು ಸಂಕೋಚ. ಬಿಸಿ ಅನ್ನ ಮಾಡಿ, ಮಧ್ಯಾಹ್ನದ ಸಾರು ಕಾಯಿಸಿ ಬಡಿಸಿದೆ. ಅಥಣಿ ಹುಡುಗ ಮೂರು ಸಲ ಹಾಕಿಸಿಕೊಂಡ. ಬೆಳಿಗ್ಗೆಯಿಂದ ಎರಡು ಬಾಳೆಹಣ್ಣು ತಿಂದಿದ್ದನಂತೆ.

ಅವತ್ತು ನಮಗೆ ಲೆಕ್ಕ ತಿಳಿಯಿತು. ವಿದ್ಯಾರ್ಥಿ ವೀಸಾದವರು ಕ್ಲಾಸ್ ನಡೆಯುವಾಗ ವಾರಕ್ಕೆ 20 ತಾಸು ಮಾತ್ರ ದುಡಿಯಬಹುದು. ಹಗಲು ಕ್ಲಾಸು. ಹಾಗಾಗಿ ವಾರಕ್ಕೆ ನಾಲ್ಕು ದಿನ, ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಊರಾಚೆಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದರು. ತಾಸಿಗೆ 11.44 ಪೌಂಡ್, ಆಗಿನ ಕನಿಷ್ಠ ಕೂಲಿ. ಅದರಲ್ಲೇ ಬಾಡಿಗೆ, ಊಟ, ಬಸ್ಸು. ನಾವು ಆರರಿಂದ ಎಂಟರವರೆಗೆ ಬಾಗಿಲು ತೆಗೆದು ಕೂತಾಗ ಅವರು ಕೆಲಸದಲ್ಲಿದ್ದರು. ನಾವು ದೀಪ ಆರಿಸಿ ಮಲಗಿದ ಮೇಲೆ ಅವರು ನಮ್ಮ ಮನೆಯ ಮುಂದೆಯೇ ನಡೆದು ಹೋಗುತ್ತಿದ್ದರು. ಐದು ವಾರ ಹಾಗೇ ನಡೆದಿತ್ತು.

ಮುಂದಿನ ಬುಧವಾರದಿಂದ ಸಮಯ ಬದಲಿಸಿದೆವು. ರಾತ್ರಿ ಹತ್ತೂವರೆಯಿಂದ ಹನ್ನೆರಡೂವರೆ. ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದವರು ನಾವು. ಊಟ ಮಾಡಿ ಮಧ್ಯಾಹ್ನ ಎರಡರಿಂದ ಐದರವರೆಗೆ ಪರದೆ ಎಳೆದು ಮಲಗುವುದನ್ನು ಕಲಿತೆವು. ಒಂದು ತಿಂಗಳು ಕಷ್ಟವಾಯಿತು. ತಲೆ ಭಾರ, ಕಾಲು ಊತ. ಆಮೇಲೆ ಮೈ ಒಗ್ಗಿತು. ಸಭೆಯ ಕೆಲವರಿಗೆ ಇದು ಸರಿ ಕಾಣಲಿಲ್ಲ. ರಾತ್ರಿ ಯಾರು ಬರುತ್ತಾರೆ, ನೆರೆಯವರು ಏನಂತಾರೆ ಅಂದರು. ಹೊಸ ಸಮಯದ ಮೊದಲ ಬುಧವಾರ ಏಳು ಜನ ಬಂದರು. ಡಿಸೆಂಬರ್ ಹೊತ್ತಿಗೆ ಹನ್ನೆರಡು ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂರುತ್ತಿದ್ದರು.

ಊಟದ ವಿಷಯದಲ್ಲಿ ನಾನು ಹಟ ಹಿಡಿದಿದ್ದೆ. ರೊಟ್ಟಿ ಇರಲೇಬೇಕು. ಲೆಸ್ಟರ್‌ನ ಬೆಲ್‌ಗ್ರೇವ್ ರೋಡಿನಲ್ಲಿ ಗುಜರಾತಿ ಅಂಗಡಿಗಳ ಸಾಲೇ ಇದೆ. ಅಲ್ಲಿ ಜೋಳದ ಹಿಟ್ಟು 'ಜುವಾರ್' ಅನ್ನೋ ಹೆಸರಲ್ಲಿ ಸಿಗುತ್ತದೆ. ಆದರೆ ಅದು ಬೀಸಿ ಎಷ್ಟು ದಿನ ಆಗಿತ್ತೋ, ಹಿಟ್ಟಿಗೆ ಜಿಗಿ ಇಲ್ಲ. ಬಡಿಯಲು ಹೋದರೆ ಅಂಚೆಲ್ಲ ಸೀಳು. ಕೊನೆಗೆ ಎಸರು ಚೆನ್ನಾಗಿ ಕುದಿಸಿ, ಹಿಟ್ಟಿನ ನಡುವೆ ಕುಳಿ ಮಾಡಿ ಸುರಿದು, ಮುಚ್ಚಿಟ್ಟು, ಕೈ ಸುಡುವಾಗಲೇ ನಾದಿದೆ. ಆಗ ಹದಕ್ಕೆ ಬಂತು. ಇನ್ನೊಂದು ತೊಂದರೆ ಸದ್ದು. ಅಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಒಂದೇ ಗೋಡೆ. ರಾತ್ರಿ ರೊಟ್ಟಿ ಬಡಿದರೆ ಪಕ್ಕದ ಮನೆಯ ಅಜ್ಜಿ ಏಳುತ್ತಾರೆ. ಅದಕ್ಕೇ ಬುಧವಾರ ಬೆಳಿಗ್ಗೆ ಐವತ್ತು ರೊಟ್ಟಿ ಬಡಿದು, ಕಡಕ್ ಮಾಡಿ ಡಬ್ಬಿಗೆ ತುಂಬುತ್ತಿದ್ದೆ. ಜೊತೆಗೆ ಶೇಂಗಾ ಚಟ್ನಿ, ಜುಣಕ, ಮೊಸರು. ಅಡುಗೆಮನೆಯ ಹೊಗೆ ಅಲಾರಂ ಎರಡು ಸಲ ಕಿರುಚಿತು. ಮೂರನೇ ಸಲದಿಂದ ಹಿತ್ತಿಲ ಬಾಗಿಲು ತೆಗೆದು, ಟೊಪ್ಪಿಗೆ ಹಾಕಿಕೊಂಡು ಬೇಯಿಸಿದೆ.

ಬಂದವರಲ್ಲಿ ಕ್ರೈಸ್ತರು ನಾಲ್ಕೈದು ಜನ. ಉಳಿದವರು ಲಿಂಗಾಯತರು, ಮರಾಠರು, ಜೈನರು, ಮುಸ್ಲಿಮರು. ನಾವು ಯಾರು, ಯಾಕೆ ಬಂದಿದ್ದೇವೆ ಅಂತ ಮೊದಲ ದಿನವೇ ಹೇಳಿದೆವು. ಯೇಸುವಿನ ಪ್ರೀತಿಯಿಂದ ಬಂದಿದ್ದೇವೆ, ಊಟಕ್ಕೆ ಬದಲಾಗಿ ನಿಮ್ಮಿಂದ ಏನೂ ಬೇಡ ಅಂದೆವು. ಹನ್ನೊಂದೂವರೆಗೆ ಬೈಬಲ್ಲಿನ ಒಂದು ವಾಕ್ಯ ಓದಿ ಹತ್ತು ನಿಮಿಷ ಪ್ರಾರ್ಥನೆ. ಬೇಡ ಅನ್ನುವವರು ಅಡುಗೆಮನೆಯಲ್ಲಿ ಇರಬಹುದು. ಹುಕ್ಕೇರಿಯ ಹುಡುಗ ಮುಸ್ಲಿಂ. ಅವನು ಆ ಹೊತ್ತಿಗೆ ಎದ್ದು ಹೋಗಿ ಎಲ್ಲರ ತಟ್ಟೆ ತೊಳೆಯುತ್ತಿದ್ದ. 2025ರ ಮಾರ್ಚ್‌ನಲ್ಲಿ ರಂಜಾನ್ ಬಂತು. ಉಪವಾಸಕ್ಕೆ ಮುಂಚೆ ನಸುಕಿನಲ್ಲಿ ಉಣ್ಣುವ ಸಹರಿಗೆ ಅಂತ ಅವನಿಗೆ ಕಡಕ್ ರೊಟ್ಟಿ, ಚಟ್ನಿ ಕಟ್ಟಿ ಕೊಡುತ್ತಿದ್ದೆ. ಇದನ್ನು ಕೇಳಿ ನಮ್ಮವರೇ ಒಬ್ಬರು, ಇದು ಎಂಥ ಮಿಷನ್ ಅಂದರು. ನನಗೆ ಅದರಲ್ಲಿ ಸಂದೇಹ ಬರಲಿಲ್ಲ. ಬೈಬಲ್ಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿ, ಒಂದು ಮೀನೂ ಸಿಗದೆ ಸೋತಿರುತ್ತಾರೆ. ಬೆಳಗಾಗುವಾಗ, ಸಾವಿನಿಂದ ಎದ್ದು ಬಂದ ಯೇಸು ದಡದಲ್ಲಿ ಕೆಂಡ ಮಾಡಿ, ರೊಟ್ಟಿ ಮೀನು ಇಟ್ಟುಕೊಂಡು ಕಾದಿರುತ್ತಾನೆ. ಬಂದು ಊಟ ಮಾಡಿ ಅನ್ನುತ್ತಾನೆ. ಈ ಕಥೆಯನ್ನು ಚಿಕ್ಕಂದಿನಿಂದ ನೂರು ಸಲ ಓದಿದ್ದೆ. ಹಳದಿ ಜಾಕೆಟ್ ಬಿಚ್ಚಿ ಬಾಗಿಲ ಹಿಂದೆ ನೇತು ಹಾಕುವ ಹುಡುಗರನ್ನು ನೋಡಿದ ಮೇಲೆ ಆ ಕೆಂಡದ ಬಿಸಿ ನನಗೆ ತಾಗಿತು.

ಇವರ ಸೇವೆ ಹಿತ್ತಿಲಿನಲ್ಲಿ ನಡೆಯುತ್ತಿತ್ತು. ಒಬ್ಬನ ಹಳೇ ಸೈಕಲ್ಲಿನ ಬ್ರೇಕ್ ಸರಿ ಮಾಡಿಕೊಟ್ಟದ್ದೇ ನೆಪ, ಶನಿವಾರ ಸೈಕಲ್ಲುಗಳ ಸಾಲು. ಲೆಸ್ಟರ್‌ನಿಂದಲೇ 1793ರಲ್ಲಿ ಮಿಷನರಿ ವಿಲಿಯಂ ಕೇರಿ ಇಂಡಿಯಾಕ್ಕೆ ಹೊರಟದ್ದು. ಅಲ್ಲಿನ ಹಾರ್ವೆ ಲೇನ್ ಸಭೆಗೆ ಪಾಸ್ಟರ್ ಆಗಿದ್ದವರು, ಮೊದಲು ಚಪ್ಪಲಿ ಹೊಲಿಯುತ್ತಿದ್ದವರು. ಇವರಿಗೆ ಆ ವಿಷಯ ಬಹಳ ಹಿಡಿಸಿತು. ಪಂಕ್ಚರ್ ಹಾಕುತ್ತಾ ಎಲ್ಲರಿಗೂ ಅದನ್ನೇ ಹೇಳುತ್ತಿದ್ದರು. ಕೈಗೆ ಗ್ರೀಸ್ ಹತ್ತಿದಾಗ ಹುಡುಗರು ಬಾಯಿ ಬಿಡುತ್ತಾರೆ ಅನ್ನೋದನ್ನು ನಾನು ಅಲ್ಲಿ ನೋಡಿದೆ. ಚಿಕ್ಕೋಡಿ ಹುಡುಗನಿಗೆ ಮದುವೆಯಾಗಿ ನಾಲ್ಕೇ ತಿಂಗಳು. 2024ರ ಜನವರಿಯಿಂದ ಮಾಸ್ಟರ್ಸ್ ಓದುವ ಬಹುತೇಕರು ಹೆಂಡತಿಯನ್ನು ಕರೆತರುವ ಹಾಗಿಲ್ಲ. ಏಜೆಂಟ್ ಒಬ್ಬ, ಆಮೇಲೆ ಕರೆಸಿಕೊಳ್ಳಬಹುದು ಅಂತ ಸುಳ್ಳು ಹೇಳಿ ಕಳಿಸಿದ್ದ. ಹುಡುಗ ಅದನ್ನು ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಚೈನಿಗೆ ಎಣ್ಣೆ ಹಾಕುತ್ತಾ ಇವರಿಗೆ ಹೇಳಿದ. ಇನ್ನೊಬ್ಬ ಬೇರೆಯವರ ಹೆಸರಿನ ಅಕೌಂಟ್ ಬಾಡಿಗೆಗೆ ಹಿಡಿದು ಊಟ ಡೆಲಿವರಿ ಮಾಡಲು ಹೊರಟಿದ್ದ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ದಂಧೆ ಮಾಡುವ ಹಾಗಿಲ್ಲ, ಸಿಕ್ಕಿಬಿದ್ದರೆ ವೀಸಾನೇ ಹೋಗುತ್ತದೆ. ಇವರು ಸ್ಪಾನರ್ ಕೆಳಗಿಟ್ಟು ಅವನ ಜೊತೆ ಎರಡು ತಾಸು ಕೂತರು. ಅವನು ಆ ಯೋಚನೆ ಬಿಟ್ಟ.

ನನ್ನಿಂದ ಒಂದು ತಪ್ಪಾಯಿತು. ಅದನ್ನು ಹೇಳಲೇಬೇಕು.

ಜನವರಿಯಲ್ಲಿ ಅಥಣಿ ಹುಡುಗ ಎರಡು ವಿಷಯದಲ್ಲಿ ಫೇಲಾದ. ಊಟ ಬಿಟ್ಟ. ಒಂದು ರಾತ್ರಿ ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತ. ಮನೆಯಲ್ಲಿ ಹೊಲ ಅಡವಿಟ್ಟು ಸಾಲ ತಂದಿದ್ದಾರೆ, ಅವ್ವಗೆ ಹೇಳಬ್ಯಾಡ್ರಿ ಅಂದ. ಆಗಲಿ ಅಂದೆ. ಆದರೆ ಅವನ ಅವ್ವ ಆಗಲೇ ನನಗೆ ಪರಿಚಯವಾಗಿದ್ದರು, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆ ವಾರ, "ಹುಡುಗ ಮಾತಾಡೂದ ಕಡಿಮಿ ಮಾಡ್ಯಾನ, ಏನರ ಆಗೇತೇನ್ರಿ ಅಕ್ಕಾರ?" ಅಂತ ಅತ್ತರು. ತಾಯಿ ಅಳುವುದನ್ನು ಕೇಳಲಾಗದೆ ಹೇಳಿಬಿಟ್ಟೆ. ಮರುದಿನವೇ ಅವನ ಅಪ್ಪ ಫೋನ್ ಮಾಡಿ ಬೈದರಂತೆ.

ಅವನು ಆರು ವಾರ ಬರಲಿಲ್ಲ. ಬಸ್ಸಿಳಿದು ಆಚೆ ಬದಿಯ ಫುಟ್‌ಪಾತಿನಲ್ಲಿ ನಡೆದು ಹೋಗುತ್ತಿದ್ದ. ಕಿಟಕಿಯಿಂದ ಕಾಣುತ್ತಿತ್ತು. ನಮಗೆ ಸೇವೆ ಶುರು ಮಾಡುವ ಮುಂಚೆ ಸಭೆಯವರು ಸೇಫ್‌ಗಾರ್ಡಿಂಗ್ ತರಬೇತಿ ಕೊಟ್ಟಿದ್ದರು. ಜೀವಕ್ಕೆ ಅಪಾಯ ಕಂಡರೆ ಯಾರಿಗೆ ತಿಳಿಸಬೇಕು, ಉಳಿದದ್ದನ್ನು ಹೇಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಬಿಡಿಸಿ ಹೇಳಿದ್ದರು. ನಮ್ಮ ಕಡೆ ಊರಲ್ಲಿ ಯಾರ ಮಗನ ಸುದ್ದಿಯೂ ಎಲ್ಲರ ಸುದ್ದಿ. ಆ ರೂಢಿಯನ್ನು ನಾನು ಅಲ್ಲಿಗೂ ಒಯ್ದಿದ್ದೆ. ಅವನು 24 ವರ್ಷದವನು. ಅವನ ಸೋಲನ್ನು ಮನೆಗೆ ಹೇಳುವ ಹೊತ್ತನ್ನು ಅವನೇ ಆರಿಸಬೇಕಿತ್ತು. ಒಂದು ಕಾಗದದಲ್ಲಿ ಕನ್ನಡದಲ್ಲೇ ತಪ್ಪಾಯಿತು ಅಂತ ಬರೆದು ಅವನ ಗೆಳೆಯನ ಕೈಲಿ ಕೊಟ್ಟೆ. ಮಾರ್ಚ್‌ನ ಒಂದು ಬುಧವಾರ ಬಂದ. ಊಟ ಮಾಡಿದ. ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೊದಲಿನ ಹಾಗೆ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದು ಮಾತ್ರ ಮತ್ತೆ ಆಗಲಿಲ್ಲ. ಅವನ ಅವ್ವ ಈಗಲೂ ಫೋನ್ ಮಾಡುತ್ತಾರೆ. ಮಗನ ಬಗ್ಗೆ ಕೇಳಿದರೆ, ಅವನನ್ನೇ ಕೇಳ್ರಿ ಅನ್ನುತ್ತೇನೆ.

ಹೋಗಬೇಕು ಅಂತಿರುವ ಹಿರಿಯರಿಗೆ ನಾನು ಹೇಳುವುದು ಇಷ್ಟು: ಹೋದ ಮೊದಲ ತಿಂಗಳು ಕಾರ್ಯಕ್ರಮ ಏನೂ ಇಡಬೇಡಿ. ಆ ಹುಡುಗರು ಯಾವ ಬಸ್ಸಿಗೆ ಹೋಗುತ್ತಾರೆ, ಯಾವ ಬಸ್ಸಿಗೆ ಬರುತ್ತಾರೆ, ಅದನ್ನು ಮೊದಲು ತಿಳಿದುಕೊಳ್ಳಿ. ಮತ್ತೆ ಇಬ್ಬರೂ ಹೋಗಿ. ನನಗೆ ಹೇಳದ್ದನ್ನು ಹುಡುಗರು ಇವರಿಗೆ ಹೇಳುತ್ತಿದ್ದರು. ಇವರ ಮುಂದೆ ಬಾಯಿ ಬಿಡದ ಹುಡುಗಿಯರು ನನ್ನ ಜೊತೆ ರೊಟ್ಟಿ ಬೇಯಿಸುತ್ತಾ ಎಲ್ಲ ಹೇಳುತ್ತಿದ್ದರು.

ಅವರಲ್ಲಿ ಜಮಖಂಡಿಯ ಹುಡುಗಿ ಒಬ್ಬಳು. ಓದು ಮುಗಿಸಿ, ಅಲ್ಲೇ ಕೆಲಸ ಹುಡುಕಲು ವೀಸಾ ಬದಲಿಸಿಕೊಂಡು ಉಳಿದಳು. 2025ರ ಆಗಸ್ಟ್‌ನಲ್ಲಿ ನಾವು ಹೊರಡುವಾಗ, ಬೆಳಗಾವಿಯಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಒಯ್ದಿದ್ದ ಕಬ್ಬಿಣದ ಹಂಚನ್ನು ಅವಳಿಗೆ ಕೊಟ್ಟು ಬಂದೆ. ಇವರು ಪಂಕ್ಚರ್ ಡಬ್ಬಿಯನ್ನು ಹುಕ್ಕೇರಿ ಹುಡುಗನಿಗೆ ಕೊಟ್ಟರು.

ಚಳಿಗಾಲದಲ್ಲಿ ಒಂದು ದಿನ ಬೆಳಗಿನ ನಾಲ್ಕೂವರೆಗೆ ಜಮಖಂಡಿ ಹುಡುಗಿಯ ಫೋನ್ ಬಂತು. ಅಲ್ಲಿ ರಾತ್ರಿ ಹನ್ನೊಂದು. ಗಾಬರಿಯಿಂದ ಎತ್ತಿದೆ. ಹಿಂದೆ ಗದ್ದಲ, ತಟ್ಟೆ ಸದ್ದು, ಯಾರೋ ನಗುವುದು. "ಆಂಟಿ, ಎಂಟು ಮಂದಿ ಬಂದಾರ. ರೊಟ್ಟಿ ಎಲ್ಲಾ ಒಡ್ಯಾಕತ್ತಾವ. ನೀರ ಎಷ್ಟ ಹಾಕಬೇಕ್ರಿ?"

ಎಸರು ಕುದೀತಾ ಅಂತ ಕೇಳಿದೆ. ಇಲ್ರಿ, ಬೆಚ್ಚಗ ಆಗೇತಿ ಅಂದಳು. ಕುದಿಲಿ, ನಾನು ಹಿಡಕೊಂಡಿರತೀನಿ ಅಂದೆ. ಇವರೂ ಎದ್ದು ಬಂದು ಪಕ್ಕದಲ್ಲಿ ಕೂತರು.