ಕ್ವಾಂಟಮ್ ಬರುವ ಮುಂಚೆಯೇ ಬ್ಯಾಕಪ್ ಭದ್ರ ಮಾಡಿದ್ದು: ನನ್ನ ಅನುಭವ

ಚಿಕ್ಕಮಗಳೂರಿನ ಒಂದು ಆಡಿಟರ್ ಆಫೀಸಿನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಕಾಫಿ ತೋಟದವರ ಲೆಕ್ಕ, ಪಾಲುಪಟ್ಟಿ, ವಿಲ್, ಆಧಾರ್ ಪ್ರತಿ ಎಲ್ಲ ಅದರಲ್ಲೇ ಇವೆ. ರಾತ್ರಿ ಬ್ಯಾಕಪ್ ಬೆಂಗಳೂರಿಗೆ ಹೋಗುತ್ತದೆ. ಇವತ್ತಿನ ಕೆಲವು ಗೂಢಲಿಪಿಗಳನ್ನು ಮುಂದೆ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಮುರಿಯಬಲ್ಲದು, ಈಗಲೇ ರಕ್ಷಣೆ ಬದಲಿಸೋಣ ಅಂದೆ.

"ಆ ಕಂಪ್ಯೂಟರ್ ಇನ್ನೂ ಬಂದೇ ಇಲ್ಲ, ಈಗ್ಲೇ ಯಾಕ್ರೀ?" ಅಂದರು ಆಡಿಟರ್ ಸರ್. ಕೇಳಬೇಕಾದ ಮಾತೇ. ಆದರೆ ಇವತ್ತು ಹೋಗುವ ಡೇಟಾವನ್ನು ಯಾರಾದರೂ ಸುಮ್ನೆ ಕೂಡಿಟ್ಟುಕೊಂಡು, ಮುಂದೆ ಬಿಡಿಸಿ ಓದಬಹುದು. ಈ ವರ್ಷದ ಗೊಬ್ಬರದ ಬಿಲ್ ಆಮೇಲೆ ಯಾರಿಗೂ ಬೇಡ. ವಿಲ್ ಹಾಗಲ್ಲ, ಅಲ್ವಾ?

ಅದಕ್ಕೇ ಮೊದಲು ಕೀ ವಿನಿಮಯಕ್ಕೆ, ಅಂದರೆ ಎರಡು ಕಂಪ್ಯೂಟರ್‌ಗಳು ಗುಟ್ಟಿನ ಕೀ ಒಪ್ಪಿಕೊಳ್ಳುವ ಹಂತಕ್ಕೆ, ಕೈ ಹಾಕಿದೆ. 1994ರಲ್ಲಿ ಗಣಿತಜ್ಞ ಪೀಟರ್ ಶೋರ್ ತೋರಿಸಿದ ವಿಧಾನದಿಂದ ಕ್ವಾಂಟಮ್ ಕಂಪ್ಯೂಟರ್ ಮುರಿಯಬಲ್ಲದ್ದು ಕೀ ವಿನಿಮಯಕ್ಕೂ ಸಹಿಗೂ ಬಳಸುವ ಆರ್‌ಎಸ್‌ಎ, ಎಲಿಪ್ಟಿಕ್ ಕರ್ವ್‌ನಂಥವನ್ನು. ಡಿಸ್ಕ್ ಮೇಲಿನ ಡೇಟಾಗೆ ಬೀಗ ಹಾಕುವ ಎಇಎಸ್-256ಕ್ಕೆ ಆ ವಿಧಾನ ತಾಗುವುದಿಲ್ಲ, ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಬ್ಯಾಕಪ್ ಹೋಗುವುದು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೇಲೆ. ಎರಡೂ ಕಡೆ ಡೆಬಿಯನ್ ಎಂಬ ಲಿನಕ್ಸ್‌ನ 11ನೇ ಆವೃತ್ತಿ ಇತ್ತು. ಸಂಪರ್ಕದ ವಿವರ ತೋರಿಸುವ ವರ್ಬೋಸ್ ಮೋಡ್‌ನಲ್ಲಿ ನೋಡಿದರೆ ಕೀ ವಿನಿಮಯದ ಸಾಲಿನಲ್ಲಿ ಎಲಿಪ್ಟಿಕ್ ಕರ್ವ್ ಜಾತಿಯ ಕರ್ವ್25519 ಮಾತ್ರ. ಡೆಬಿಯನ್ 13ಕ್ಕೆ ಏರಿಸಿದೆ. ಅದರಲ್ಲಿ ಎಸ್‌ಎಸ್‌ಎಚ್‌ಗೆ ಓಪನ್‌ಎಸ್‌ಎಸ್‌ಎಚ್ 10, ವೆಬ್‌ಸೈಟ್‌ಗೆ ಓಪನ್‌ಎಸ್‌ಎಸ್‌ಎಲ್ 3.5 ಬರುತ್ತವೆ. ಅದೇ ಸಾಲಿನಲ್ಲಿ ಈಗ ಕ್ವಾಂಟಮ್ ದಾಳಿ ತಡೆಯಲೆಂದೇ ಮಾಡಿದ ಎಂಎಲ್-ಕೆಇಎಂ 768 ಮತ್ತು ಕರ್ವ್25519 ಜೋಡಿ ಕಾಣುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಕಾಯುತ್ತದೆ. ಎಂಎಲ್-ಕೆಇಎಂ 2024ರ ಆಗಸ್ಟ್‌ನಲ್ಲಷ್ಟೇ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನಿಂದ ಸ್ಟ್ಯಾಂಡರ್ಡ್ ಆಗಿದ್ದು. ಹೊಸದನ್ನು ಒಂದನ್ನೇ ನಂಬುವುದು ನನಗಂತೂ ಇಷ್ಟವಿಲ್ಲ.

ಗ್ರಾಹಕರು ಕಡತ ನೋಡುವ ವೆಬ್‌ಸೈಟ್ ಕೂಡ ಇದೇ ಜೋಡಿ ಬಳಸತೊಡಗಿತು. ತಲೆನೋವು ಬಂದದ್ದು ಅಲ್ಲಿ. ಮೂಡಿಗೆರೆ ಕಡೆಯ ಒಂದು ಎಸ್ಟೇಟ್ ಆಫೀಸಿನಲ್ಲಿ ಪುಟ ತೆರೆಯುತ್ತಲೇ ಇರಲಿಲ್ಲ. ಮೊಬೈಲ್ ಡೇಟಾದಲ್ಲಿ ತೆರೆಯುತ್ತಿತ್ತು. ಹೋಗಿಬರುವ ಡೇಟಾದ ತುಂಡುಗಳನ್ನು (ಪ್ಯಾಕೆಟ್) ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಬ್ರೌಸರ್‌ನ ಮೊದಲ ಸಂದೇಶ ಎರಡು ಪ್ಯಾಕೆಟ್ ಆಗಿ ಹೊರಟಿತ್ತು. ಎರಡನೆಯದು ನಮ್ಮ ಕಡೆ ತಲುಪುತ್ತಲೇ ಇಲ್ಲ. ಕರ್ವ್25519ರ ಸಾರ್ವಜನಿಕ ಕೀ 32 ಬೈಟ್, ಎಂಎಲ್-ಕೆಇಎಂ 768ರದ್ದು 1184. ಸಂದೇಶದ ಉಳಿದದ್ದೂ ಸೇರಿದರೆ ಒಂದೇ ಪ್ಯಾಕೆಟ್‌ಗೆ ಹಿಡಿಸುವುದಿಲ್ಲ. ಅಲ್ಲಿನ ಹಳೆಯ ಫೈರ್‌ವಾಲ್ ಮೊದಲ ಪ್ಯಾಕೆಟ್‌ನಲ್ಲೇ ಸೈಟಿನ ಹೆಸರು ಹುಡುಕಿ, ಸಿಗದೆ ಉಳಿದದ್ದನ್ನು ತಡೆಯುತ್ತಿತ್ತು. "ಹೊಸದನ್ನ ಆಫ್ ಮಾಡಿಬಿಡಿ ಸಾರ್" ಅಂದರು ಅಲ್ಲಿನ ಹುಡುಗರು. ನಾನು ಒಪ್ಪಲಿಲ್ಲ. ಒಬ್ಬರಿಗಾಗಿ ಆಫ್ ಮಾಡಿದರೆ ಎಲ್ಲರ ಡೇಟಾಗೂ ಹಳೆಯ ರಕ್ಷಣೆಯೇ ಗತಿ. ಫೈರ್‌ವಾಲ್‌ನ ಫರ್ಮ್‌ವೇರ್ ಅಪ್‌ಡೇಟ್ ಮಾಡಿಸಿದ ಮೇಲೆ ಸರಿಹೋಯಿತು.

ಡಿಜಿಟಲ್ ಸಹಿಯಿಂದ ಗುರುತು ತೋರಿಸುವ ಲಾಗಿನ್ ಕೀ, ಸರ್ಟಿಫಿಕೇಟ್ ಸದ್ಯಕ್ಕೆ ಹಳೆಯವೇ. ಸಹಿಯನ್ನು ಮುಂದೆ ಯಾರೋ ನಕಲಿ ಮಾಡಿದರೂ ಇವತ್ತು ಕೂಡಿಟ್ಟ ಡೇಟಾ ಅದರಿಂದ ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿ ಅದಕ್ಕೆ ಅವಸರವಿಲ್ಲ. ಉಳಿದಿರುವುದು ಹೊರಗಿನಿಂದ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಪೆಟ್ಟಿಗೆ. ಅದಕ್ಕೆ ಎಂಎಲ್-ಕೆಇಎಂ ಬರುವುದಿಲ್ಲವಂತೆ. ಬೇರೆ ತರಿಸಲು ಸರ್ ಒಪ್ಪಿದ್ದಾರೆ.