ದುಬೈಯಿಂದ ಆಫ್ರಿಕಾಕ್ಕೆ ಮಾಲು ಕಳಿಸೋರು ತಿಳ್ಕೊಂಡಿರಬೇಕಾದ್ದು

ದುಬೈಲಿ ದೇರಾದ ಕ್ರೀಕ್ (ಊರೊಳಗೆ ಬಂದಿರೋ ಸಮುದ್ರದ ಹಿನ್ನೀರು) ದಡದಲ್ಲಿ ಸಾಯಂಕಾಲ ಒಂದ್ಸಲ ನಡ್ಕೊಂಡು ಹೋಗಿ ನೋಡಿ. ಮರದ ಧೋಗಳು ಸಾಲಾಗಿ ನಿಂತಿರ್ತವೆ, ಮಂಗಳೂರು ಬಂದರಲ್ಲಿ ಲಕ್ಷದ್ವೀಪಕ್ಕೆ ಹೋಗೋ ಮಂಜಿ ನೋಡಿದೋರಿಗೆ ಅದೇ ನೆನಪಾಗತ್ತೆ, ದಡದ ಮೇಲೆ ಫ್ರಿಜ್ಜು, ಟೈರು, ಅಕ್ಕಿ ಮೂಟೆ, ಎಣ್ಣೆ ಡಬ್ಬ ಎಲ್ಲಾ ಒಟ್ಟಿರ್ತಾರೆ, ಒಂದು ರಾಶಿ ಸೊಮಾಲಿಯಾ ಕಡೆ ಬಂದರು ಬೊಸಾಸೊಗೆ ಅಂದ್ರೆ ಪಕ್ಕದ್ದು ಅದೇ ಕಡೆ ಬರ್ಬೆರಾಗೆ. ಇದ್ರಲ್ಲಿ ಹೆಚ್ಚಿನದು ಯುಎಇಲಿ ತಯಾರಾಗಿದ್ದಲ್ಲ. ಫ್ರಿಜ್ಜು ಚೀನಾದ್ದು, ಅಕ್ಕಿ ನಮ್ಮ ಕಡೇದು ಇಲ್ಲಾ ಪಾಕಿಸ್ತಾನದ್ದು. ಹೊರಗಿಂದ ತಂದು ಹೊರಗೇ ಕಳಿಸೋದಕ್ಕೆ ರೀ-ಎಕ್ಸ್‌ಪೋರ್ಟ್ ಅಂತಾರೆ. ಅಲ್ಯುಮಿನಿಯಂ, ಪ್ಲಾಸ್ಟಿಕ್ ಕಚ್ಚಾಮಾಲು ಥರದ್ದು ಮಾತ್ರ ಇಲ್ಲೇ ತಯಾರಾಗಿ ಹೋಗತ್ತೆ.

ನಾನು ಈ ಲೈನಲ್ಲಿ ಡಾಕ್ಯುಮೆಂಟೇಶನ್ ಕೆಲಸ ಮಾಡ್ಕೊಂಡು ಬಂದೋನು. ಊರಿಂದ ಹೊಸದಾಗಿ ಬಂದ ಹುಡುಗ್ರು, ಸ್ವಂತ ಟ್ರೇಡಿಂಗ್ ಶುರು ಮಾಡೋರು ಎಲ್ರೂ ಕೇಳೋದು ಒಂದೇ, ಅಣ್ಣ ಲೈಸೆನ್ಸ್ ಮಾಡಿಸಿದ್ರೆ ಸಾಕಲ್ವಾ ಅಂತ. ಸಾಕಾಗಲ್ಲ. ಟ್ರೇಡ್ ಲೈಸೆನ್ಸ್ ಆದ್ಮೇಲೆ ದುಬೈ ಕಸ್ಟಮ್ಸ್‌ನಲ್ಲಿ ಕಂಪನಿಗೆ ಕೋಡ್ ಬೇಕು, ಅದಿಲ್ದೆ ನಿಮ್ಮ ಹೆಸರಲ್ಲಿ ಡಿಕ್ಲರೇಶನ್ (ಏನು ಮಾಲು, ಎಷ್ಟು ಅಂತ ಕಸ್ಟಮ್ಸಿಗೆ ಕೊಡೋ ಲೆಕ್ಕ) ಹಾಕಕ್ಕೆ ಆಗಲ್ಲ.

ಮೊದಲು ಡ್ಯೂಟಿ ವಿಷಯ. ಜೆಬೆಲ್ ಅಲಿ ಫ್ರೀ ಝೋನ್ 1985ರಿಂದ ಇದೆ, ಮಾಲು ಅದರೊಳಗೇ ಇಳಿದು ಅಲ್ಲಿಂದಲೇ ಹೊರಗೆ ಹೋದ್ರೆ ಕಸ್ಟಮ್ಸ್ ಡ್ಯೂಟಿ ಇಲ್ಲ. ಮೇನ್‌ಲ್ಯಾಂಡಿಗೆ, ಅಂದ್ರೆ ಫ್ರೀ ಝೋನ್ ಹೊರಗೆ, ತಂದ್ರೆ ಹೆಚ್ಚಿನ ಮಾಲಿಗೆ 5%, ಅದೂ ಬರೀ ಮಾಲಿನ ಬೆಲೆ ಮೇಲಲ್ಲ, ಹಡಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿಸಿದ ಸಿಐಎಫ್ ಬೆಲೆ ಮೇಲೆ. ಮಾಲು ಮುಂದೆ ಆಫ್ರಿಕಾಕ್ಕೇ ಹೋಗೋದು ಅಂತ ಮೊದಲೇ ಗೊತ್ತಿದ್ರೆ ತರಿಸುವಾಗಲೇ ರೀ-ಎಕ್ಸ್‌ಪೋರ್ಟಿಗೆ ಅಂತ ಡಿಕ್ಲೇರ್ ಮಾಡಿ ಡೆಪಾಸಿಟ್ ಕಟ್ಟಬಹುದು, 6 ತಿಂಗಳೊಳಗೆ ಕಳಿಸಿದ್ರೆ ಅದು ವಾಪಸ್ ಬರತ್ತೆ. ಆದ್ರೆ ಬಂದ ಮಾಲು, ಹೋಗೋ ಮಾಲು ಒಂದೇ ಅಂತ ತೋರಿಸಕ್ಕೆ ಆಗ್ಬೇಕು, ಹಾಗಾಗಿ ಮಾಡೆಲ್ ನಂಬರು, ಸೀರಿಯಲ್ ನಂಬರು ಇನ್‌ವಾಯ್ಸಲ್ಲೇ ಬರೆಸಿ.

ಮಾಲು ಯಾವ ದೇಶದಲ್ಲಿ ತಯಾರಾಗಿದ್ದು ಅಂತ ಹೇಳೋ ಸರ್ಟಿಫಿಕೇಟ್ ಆಫ್ ಒರಿಜಿನ್ ದುಬೈ ಚೇಂಬರ್ ಕೊಡತ್ತೆ. ದುಬೈಲಿ ಕೊಡ್ತಾರೆ ಅಂತ ಚೀನಾ ಮಾಲಿಗೆ ಯುಎಇ ಅಂತ ಬರೆಯಂಗಿಲ್ಲ, ಮೂಲ ದೇಶ ಚೀನಾ ಅಂತಲೇ ಇರ್ಬೇಕು. ಗಿರಾಕಿ ಎಷ್ಟೇ ಒತ್ತಾಯ ಮಾಡ್ಲಿ, ಇದ್ರಲ್ಲಿ ಸಡಿಲ ಬಿಡ್ಬೇಡಿ.

ಆಮೇಲೆ ಹೋಗೋ ದೇಶದ ಕಾನೂನು. ರಾಸ್ ಅಲ್ ಖೋರ್‌ನ ಸೆಕೆಂಡ್ ಹ್ಯಾಂಡ್ ಕಾರಿನ ಝೋನಲ್ಲಿ ಜಪಾನಿಂದ ಬಂದ ಬಲಗಡೆ ಸ್ಟೀರಿಂಗಿನ ಗಾಡಿಗಳು ನಿಂತಿರ್ತವೆ, ಅವು ಇಲ್ಲಿ ಓಡಿಸಕ್ಕಲ್ಲ, ಪೂರ್ವ ಆಫ್ರಿಕಾಕ್ಕೆ. ಕೆನ್ಯಾದಲ್ಲಿ 8 ವರ್ಷಕ್ಕಿಂತ ಹಳೇ ಗಾಡಿ ಒಳಗೆ ಬಿಡಲ್ಲ, ಹಡಗು ಹತ್ತೋ ಮೊದಲೇ ಇನ್ಸ್‌ಪೆಕ್ಷನ್ ಆಗಿರ್ಬೇಕು. ಇಥಿಯೋಪಿಯಾ 2024ರಲ್ಲಿ ಪೆಟ್ರೋಲ್, ಡೀಸೆಲ್ ಕಾರು ತರಿಸೋದನ್ನೇ ನಿಲ್ಲಿಸಿಬಿಡ್ತು. ನೈಜೀರಿಯಾಕ್ಕಾದ್ರೆ ಗಿರಾಕಿ ಕಡೆಯಿಂದ ಫಾರ್ಮ್ ಎಂ (ಅವರ ಬ್ಯಾಂಕ್ ಮೂಲಕ ಹಾಕೋ ಆಮದಿನ ಅರ್ಜಿ) ಆಗಿರ್ಬೇಕು, ಹೆಚ್ಚಿನ ಮಾಲಿಗೆ ಅಲ್ಲಿನ ಗುಣಮಟ್ಟಕ್ಕೆ ಸರಿ ಇದೆ ಅನ್ನೋ ಸೋನ್‌ಕ್ಯಾಪ್ ಸರ್ಟಿಫಿಕೇಟೂ ಬೇಕು. ಇದೆಲ್ಲಾ ಮಾಲು ಪೋರ್ಟಿಗೆ ಬಂದ್ಮೇಲೆ ನೆನಪಾದ್ರೆ ಡೆಮರೇಜಲ್ಲೇ (ಮಾಲು ಪೋರ್ಟಲ್ಲಿ ಬಿದ್ದಿದ್ದಕ್ಕೆ ಕಟ್ಟೋ ದಂಡ) ಲಾಭ ಮುಗಿದೋಗತ್ತೆ.

ನಮ್ಮೋರು ಜಾಸ್ತಿ ಕೈ ಸುಟ್ಕೊಳ್ಳೋದು ವ್ಯಾಟಲ್ಲಿ. 2018ರ ಜನವರಿ 1ರಿಂದ ಇಲ್ಲಿ 5% ವ್ಯಾಟ್ ಇದೆ, ಎಕ್ಸ್‌ಪೋರ್ಟಿಗೆ ಸೊನ್ನೆ ರೇಟು, ಆದ್ರೆ ಮಾಲು 90 ದಿನದೊಳಗೆ ದೇಶ ಬಿಟ್ಟಿರ್ಬೇಕು, ಬಿಟ್ಟಿದೆ ಅನ್ನೋಕೆ ದಾಖಲೆ ನಿಮ್ಮ ಕೈಲಿರ್ಬೇಕು. ನಾನು ಮೊದಲು ಇದ್ದ ಒಂದು ಕಂಪನಿಲಿ 1 ಲಕ್ಷ ದಿರ್ಹಮ್ಮಿನ ಟೈರು ಧೋದಲ್ಲಿ ಹೋಯ್ತು. ಗಿರಾಕಿ ತಾನೇ ಏಜೆಂಟ್ ಇಟ್ಕೊಂಡು ಲೋಡ್ ಮಾಡಿಸ್ಕೊಂಡ, ದುಡ್ಡೂ ಕೊಟ್ಟ, ನಾವು ಖುಷಿಯಾಗಿದ್ವಿ. ಆಮೇಲೆ ಫೈಲ್ ತೆಗೆದು ನೋಡಿದ್ರೆ ಇನ್‌ವಾಯ್ಸು, ಗೋಡೌನಿನ ಡೆಲಿವರಿ ನೋಟು, ಅಷ್ಟೇ. ಡಿಕ್ಲರೇಶನ್ ಏಜೆಂಟ್ ಹೆಸರಲ್ಲಿತ್ತು, ಮಾಲು ದೇಶ ಬಿಟ್ಟಿದೆ ಅಂತ ಕಸ್ಟಮ್ಸ್ ಕೊಡೋ ಎಕ್ಸಿಟ್ ಸರ್ಟಿಫಿಕೇಟ್ ಕಾಪಿ ಇರ್ಲೇ ಇಲ್ಲ, ಏಜೆಂಟಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಕೊನೆಗೆ 5,000 ದಿರ್ಹಮ್ ವ್ಯಾಟ್ ಕೈಯಿಂದ ಕಟ್ಟಿದ್ವಿ, ಆ ಲೋಡಲ್ಲಿ ಸಿಕ್ಕಿದ್ದ ಲಾಭ 4,000. ಅವತ್ತಿಂದ ಗಿರಾಕಿ ಏಜೆಂಟ್ ಬಂದ್ರೆ ವ್ಯಾಟಿನಷ್ಟು ದುಡ್ಡು ಮೊದಲೇ ಹಿಡ್ಕೊಂಡು, ಎಕ್ಸಿಟ್ ಪೇಪರ್ ಕೈಗೆ ಬಂದ್ಮೇಲೆ ವಾಪಸ್ ಕೊಡೋದು ಅಂತ ಮಾಡ್ಕೊಂಡ್ವಿ. ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ.

ದುಡ್ಡಿನ ಲೆಕ್ಕ ಇಲ್ಲಿ ಸುಲಭ, ಡಾಲರಿಗೆ 3.6725 ದಿರ್ಹಮ್ ಅಂತ 1997ರಿಂದ ಕಟ್ಟಿಟ್ಟಿದಾರೆ. ತೊಂದ್ರೆ ಇರೋದು ಆ ಕಡೆ, ಅವರ ಬ್ಯಾಂಕಲ್ಲಿ ಡಾಲರ್ ಸಿಗ್ದೆ ಪೇಮೆಂಟ್ ತಿಂಗಳುಗಟ್ಟಲೆ ನಿಲ್ಲತ್ತೆ, ಅದಕ್ಕೇ ಹೊಸ ಗಿರಾಕಿ ಆದ್ರೆ ಅಡ್ವಾನ್ಸ್ ಇಲ್ಲಾ ಎಲ್‌ಸಿ (ದುಡ್ಡು ಕೊಡ್ತೀವಿ ಅಂತ ಬ್ಯಾಂಕೇ ಕೊಡೋ ಭರವಸೆ ಪತ್ರ) ಕೇಳಿ.

ಪ್ರತಿ ಶಿಪ್‌ಮೆಂಟಿಗೂ ಒಂದೊಂದು ಫೈಲ್ ಮಾಡಿ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಡಿಕ್ಲರೇಶನ್, ಬಿಲ್ ಆಫ್ ಲೇಡಿಂಗ್ (ಮಾಲು ಹತ್ತಿದ್ದಕ್ಕೆ ಹಡಗಿನೋರು ಕೊಡೋ ರಸೀದಿ), ಎಕ್ಸಿಟ್ ಸರ್ಟಿಫಿಕೇಟ್, ಬ್ಯಾಂಕಿಗೆ ದುಡ್ಡು ಬಂದ ಸ್ಲಿಪ್ಪು ಎಲ್ಲಾ ಹಾಕಿ ಕಡಿಮೆ ಅಂದ್ರೂ 5 ವರ್ಷ ಇಟ್ಕೊಳ್ಳಿ. ಆಫೀಸ್ ಬದಲಾಯಿಸುವಾಗ ಆ ಡಬ್ಬಗಳನ್ನ ನೀವೇ ಕಾರಲ್ಲಿ ತಗೊಂಡು ಹೋಗಿ, ಮೂವರ್ಸ್ ಕೈಗೆ ಕೊಡ್ಬೇಡಿ.